ಅವರೆಕಾಯಿ ಕಾಲದಲ್ಲಿ ಮನೆಮಂದಿಯೆಲ್ಲ ಸೇರಲು: ಶನಿವಾರದ ಸಂತೆಯಿಂದ ಭಾನುವಾರದ ಲಾಲ್‌ಬಾಗ್‌ವರೆಗೆ

ನೆಂಟರನ್ನು ಊಟಕ್ಕೆ ಕರೆದ ದಿನ ಹೆಚ್ಚಿನ ಮನೆಗಳಲ್ಲಿ ಏನಾಗುತ್ತದೆ? ಒಬ್ಬರೋ ಇಬ್ಬರೋ ಬೆಳಗಿನ ಜಾವವೇ ಎದ್ದು ಅಡುಗೆಮನೆ ಸೇರುತ್ತಾರೆ. ಬಂದವರು ಹಾಲ್‌ನಲ್ಲಿ ಟಿ.ವಿ. ಮುಂದೆ ಕೂರುತ್ತಾರೆ. ಒಂದು ಗಂಟೆಗೆ ಊಟ, ಎರಡಕ್ಕೆ ಎಲೆಅಡಿಕೆ, ಮೂರಕ್ಕೆ ಎಲ್ಲರೂ ಹೊರಟು ಹೋಗುತ್ತಾರೆ. ಅಡುಗೆ ಮಾಡಿದವರಿಗೆ ಯಾರ ಜೊತೆಗೂ ನೆಟ್ಟಗೆ ಮಾತಾಡಲು ಆಗಿರುವುದಿಲ್ಲ. ಪಾತ್ರೆ ಮಾತ್ರ ಸಿಂಕ್ ತುಂಬಾ.

ಅಡುಗೆ ಆದ ಮೇಲೆ ಜನರನ್ನು ಕರೆಯುವುದಕ್ಕಿಂತ, ಅಡುಗೆ ಕೆಲಸಕ್ಕೇ ಕರೆಯುವುದು ಮೇಲು ಅನ್ನುವುದು ನನ್ನ ನಂಬಿಕೆ. ಅದಕ್ಕೆ ಎಲ್ಲರ ಕೈಗೂ ಕೆಲಸ ಸಿಗುವಂಥ ಅಡುಗೆ ಬೇಕು. ಚಾಕು ಹಿಡಿಯಲು ಬರದ ಮಗುವಿಗೂ ಕೆಲಸ ಇರಬೇಕು, ಕಣ್ಣು ಮಂಜಾದ ಅಜ್ಜಿಗೂ ಇರಬೇಕು, ಒಲೆ ಹಚ್ಚಿ ಗೊತ್ತಿಲ್ಲದ ಭಾವನಿಗೂ ಇರಬೇಕು. ಬೆಂಗಳೂರು, ಕೋಲಾರ, ರಾಮನಗರ, ತುಮಕೂರು, ಮಂಡ್ಯ, ಮೈಸೂರು ಕಡೆಯವರಿಗೆ ಅಂಥ ಅಡುಗೆ ಹುಡುಕಲು ಕಷ್ಟವೇ ಇಲ್ಲ. ಚಳಿಗಾಲ ಬಂತೆಂದರೆ ಹಿತಕಿದ ಅವರೆಬೇಳೆ ಸಾರು, ರಾಗಿಮುದ್ದೆ. ಕಾಯಿ ಬಿಡಿಸಬೇಕು, ಕಾಳು ನೆನೆಹಾಕಬೇಕು, ಒಂದೊಂದೇ ಕಾಳಿನ ಸಿಪ್ಪೆ ಹಿತಕಿ ತೆಗೆಯಬೇಕು. ಒಬ್ಬರೇ ಕೂತರೆ ಬೆನ್ನು ಬಿದ್ದುಹೋಗುವ ಕೆಲಸ. ಎಂಟು ಜನ ಕೂತರೆ ಅದೇ ಹಬ್ಬ.

ಇದನ್ನು ಒಂದು ವಾರಾಂತ್ಯಕ್ಕೆ ಹೇಗೆ ಹೊಂದಿಸಿಕೊಳ್ಳಬಹುದು ಅಂತ ಹಂತಹಂತವಾಗಿ ಬರೆದಿದ್ದೇನೆ. ಅಳತೆಗಳೆಲ್ಲ ಎಂಟು ಜನರಿಗೆ.

ಯಾವಾಗ ಮಾಡಬೇಕು

ಡಿಸೆಂಬರ್ ಎರಡನೇ ವಾರದಿಂದ ಜನವರಿ ಕೊನೆವರೆಗೆ ಒಳ್ಳೆಯ ಕಾಲ. ನಾಟಿ ಅವರೆ ಗಿಡ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುತ್ತದೆ. ಹಾಗಾಗಿ ಯಾವಾಗ ಬಿತ್ತಿದರೂ ಕಾಯಿ ಕೈಗೆ ಸಿಗುವುದು ಚಳಿಯಲ್ಲೇ. ಇಬ್ಬನಿ ಬೀಳುವ ದಿನಗಳಲ್ಲಿ ಕಾಯಿಯ ಮೇಲೆ ಒಂದು ಬಗೆಯ ಎಣ್ಣೆಯಂಥ ಅಂಟು ಕೂರುತ್ತದೆ, ಗಮ್ ಅನ್ನುವ ವಾಸನೆ ಬರುತ್ತದೆ. ಅದೇ ಸೊಗಡು. ಸಾರಿಗೆ ರುಚಿ ಬರುವುದೇ ಅದರಿಂದ.

ಈಗ ವರ್ಷದ ಬೇರೆ ತಿಂಗಳುಗಳಲ್ಲೂ ಅವರೆಕಾಯಿ ಸಿಗುತ್ತದೆ ನಿಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ಎಚ್.ಎ. 3, ಎಚ್.ಎ. 4ರಂಥ ತಳಿಗಳನ್ನು ಕೊಟ್ಟಿದ್ದಾರೆ. ಹಗಲು ಉದ್ದವಿದ್ದರೂ ಅವು ಹೂ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವಾಗಿದೆ. ಆದರೆ ಎಂಟು ಜನರನ್ನು ಕರೆದು ಕೂರಿಸಿಕೊಂಡು ಹಿತಕುವಾಗ ಮನೆಯೆಲ್ಲ ಸೊಗಡು ತುಂಬಿರಬೇಕು. ಅದಕ್ಕೆ ಕಾಲದ ಕಾಯಿಯೇ ಸರಿ.

ಕರೆಯುವ ಬಗೆ

ವಾರದ ಮೊದಲೇ ಫೋನ್ ಮಾಡಿ. ವಾಟ್ಸಾಪ್‌ನಲ್ಲಿ ಒಂದು ಸಂದೇಶ ಹಾಕಿ ಸುಮ್ಮನಾಗಬೇಡಿ, ಮನೆಯ ಹಿರಿಯರಿಗಂತೂ ಬಾಯಲ್ಲೇ ಹೇಳಬೇಕು. "ಚಿಕ್ಕಮ್ಮ, ಭಾನುವಾರ ಊಟಕ್ಕೆ ಬನ್ನಿ" ಅನ್ನಬೇಡಿ. "ಚಿಕ್ಕಮ್ಮ, ಶನಿವಾರ ಸಾಯಂಕಾಲ ಅವರೆಕಾಯಿ ಬಿಡಿಸೋಕೆ ಬನ್ನಿ, ರಾತ್ರಿ ಇಲ್ಲೇ ಉಳ್ಕೊಳ್ಳಿ, ಭಾನುವಾರ ಸಂಜೆ ನಾನೇ ಬಿಟ್ಟು ಬರ್ತೀನಿ" ಅನ್ನಿ. ಕೆಲಸ ಇದೆ ಅಂತ ಮೊದಲೇ ಗೊತ್ತಾದರೆ ಹಿರಿಯರಿಗೆ ಸಂತೋಷವೇ ಆಗುತ್ತದೆ. ತಾವು ಬೇಕಾದವರು ಅನ್ನಿಸುತ್ತದೆ. ಮನೆಗೆ ಬಿಟ್ಟು ಬರುವ ಮಾತನ್ನು ಮಾತ್ರ ಮರೆಯದೆ ಹೇಳಿ. ವಯಸ್ಸಾದವರು ಎಷ್ಟೋ ಸಲ ಬರದೇ ಇರುವುದು ವಾಪಸ್ ಹೋಗುವ ಚಿಂತೆಗೆ.

ಬರುವವರು ಏನು ತರಲಿ ಅಂತ ಕೇಳಿಯೇ ಕೇಳುತ್ತಾರೆ. "ಏನೂ ಬೇಡ" ಅನ್ನುವ ಸಂಕೋಚ ಬಿಡಿ. ಒಬ್ಬರಿಗೆ ಬಾಳೆ ಎಲೆ, ಒಬ್ಬರಿಗೆ ಮೊಸರು, ಒಬ್ಬರಿಗೆ ಹಪ್ಪಳ, ಇನ್ನೊಬ್ಬರಿಗೆ ಬಾಳೆಹಣ್ಣು ಅಂತ ಹಂಚಿಬಿಡಿ. ನಿಮ್ಮ ಕೆಲಸವೂ ಕಡಿಮೆ, ಸ್ವೀಟ್ ಬಾಕ್ಸ್ ಐದಾರು ಬಂದು ಫ್ರಿಜ್ ತುಂಬುವುದೂ ತಪ್ಪುತ್ತದೆ.

ಊಟಕ್ಕೆ ಸಾರು, ಮುದ್ದೆ, ಅನ್ನ, ಒಂದು ಕೋಸಂಬರಿ, ಮಜ್ಜಿಗೆ ಇದ್ದರೆ ಸಾಕು. ಇದರ ಮೇಲೆ ಪಲಾವ್, ಪೂರಿ, ಇನ್ನೊಂದು ಪಲ್ಯ ಅಂತ ಸೇರಿಸುತ್ತಾ ಹೋದರೆ ಮತ್ತೆ ಅಡುಗೆಮನೆಯಲ್ಲಿ ಒಬ್ಬರು ಒಂಟಿಯಾಗಿ ಉಳಿಯುತ್ತಾರೆ. ಸಾರು ಚೆನ್ನಾಗಿದ್ದರೆ ಯಾರೂ ಬೇರೆ ಕೇಳುವುದಿಲ್ಲ.

ಶನಿವಾರ ಬೆಳಗ್ಗೆ: ಕಾಯಿ ಆರಿಸುವುದು

ಎಷ್ಟು ಕಾಯಿ ತರಬೇಕು? ಚೆನ್ನಾಗಿ ಕಾಳು ತುಂಬಿದ ಒಂದು ಕೆ.ಜಿ. ಕಾಯಿ ಬಿಡಿಸಿದರೆ 400 ಗ್ರಾಂ ಆಸುಪಾಸು ಕಾಳು ಸಿಗುತ್ತದೆ. ಹಿತಕಿದ ಮೇಲೆ ಅದು ಇನ್ನೂ ಕಡಿಮೆಯಾಗುತ್ತದೆ. ಎಂಟು ಜನರ ಸಾರಿಗೆ 3 ಕೆ.ಜಿ. ಕಾಯಿ ಸಾಕು. ಸಂಜೆ ಉಪ್ಪಿಟ್ಟಿಗೋ ಅಕ್ಕಿರೊಟ್ಟಿಗೋ ಒಂದಷ್ಟು ಕಾಳು ಇರಲಿ ಅಂದರೆ 4 ಕೆ.ಜಿ. ತನ್ನಿ. ಅದಕ್ಕಿಂತ ಜಾಸ್ತಿ ಬೇಡ. ಕಾಯಿ ರಾಶಿ ನೋಡಿಯೇ ಕೂತವರು ಸುಸ್ತಾಗಬಾರದು.

ಬೆಂಗಳೂರಿನಲ್ಲಿ ಗಾಂಧಿ ಬಜಾರ್, ಮಲ್ಲೇಶ್ವರ, ಕೆ.ಆರ್. ಮಾರುಕಟ್ಟೆ ಎಲ್ಲ ಕಡೆ ಈ ಕಾಲದಲ್ಲಿ ಅವರೆಕಾಯಿ ಗುಡ್ಡೆ ಬಿದ್ದಿರುತ್ತದೆ. ಮಾಗಡಿ ಕಡೆಯಿಂದ ಬಂದ ಕಾಯಿ ಅಂತ ಕೂಗಿ ಮಾರುತ್ತಾರೆ, ಮಾಗಡಿ ಅವರೆಗೆ ಅಷ್ಟು ಹೆಸರಿದೆ. ಕೋಲಾರ, ಚಿಂತಾಮಣಿ ಕಡೆಯ ಕಾಯಿಯೂ ಬರುತ್ತದೆ. ಹೆಸರಿಗಿಂತ ನಿಮ್ಮ ಮೂಗು, ಬೆರಳನ್ನು ನಂಬಿ. ಒಂದು ಹಿಡಿ ಕಾಯಿ ತೆಗೆದು ಮೂಸಿ. ಸೊಗಡು ಮೂಗಿಗೆ ಹೊಡೆಯಬೇಕು. ಬೆರಳಿಗೆ ಲೇಸಾಗಿ ಅಂಟಬೇಕು. ಆಮೇಲೆ ಕಾಯಿಯನ್ನು ಒತ್ತಿ ನೋಡಿ. ಕಾಳು ಉಬ್ಬಿ ನಿಂತಿರಬೇಕು, ಆದರೆ ಸಿಪ್ಪೆ ಇನ್ನೂ ಹಸಿರಾಗಿರಬೇಕು. ಚಪ್ಪಟೆ ಕಾಯಿ ಎಳೆಯದು, ಅದರ ಕಾಳು ಹಿತಕಲು ಹೋದರೆ ನುಜ್ಜಾಗುತ್ತದೆ. ಹಳದಿಗೆ ತಿರುಗಿದ್ದು ಬಲಿತುಹೋದದ್ದು, ಅದರ ಬೇಳೆ ಬೇಯಲು ಹೊತ್ತು ತೆಗೆದುಕೊಳ್ಳುತ್ತದೆ. ನೀರು ಚಿಮುಕಿಸಿ ಒದ್ದೆಯಾದ ಕಾಯಿ ತೆಗೆದುಕೊಳ್ಳಬೇಡಿ. ತೂಕವೂ ಮೋಸ, ಮಧ್ಯಾಹ್ನದೊಳಗೆ ಕಪ್ಪಾಗುತ್ತದೆ.

ಹಿತಕಿದ ಬೇಳೆಯನ್ನೇ ಅಳೆದು ಮಾರುವವರೂ ಇದ್ದಾರೆ. ವಾರದ ದಿನ ಆಫೀಸಿನಿಂದ ಬಂದು ಸಾರು ಮಾಡುವವರಿಗೆ ಅದು ವರ. ಈ ಭಾನುವಾರಕ್ಕೆ ಮಾತ್ರ ಬೇಡ. ಕೆಲಸವನ್ನೇ ಕೊಂಡು ತಂದರೆ ಜನ ಸೇರುವುದು ಯಾತಕ್ಕೆ?

ತಂದ ಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಡಬೇಡಿ. ಬೆವತು ಹೋಗುತ್ತದೆ. ನೆಲದ ಮೇಲೆ ಹಳೇ ಪಂಚೆ ಹಾಸಿ ಹರಡಿ.

ಶನಿವಾರ ಸಂಜೆ: ಬಿಡಿಸುವುದು

ಹಾಲ್‌ನ ನಡುವೆ ದಿನಪತ್ರಿಕೆ ಹಾಸಿ ಕಾಯಿ ಸುರಿಯಿರಿ. ಕೆಳಗೆ ಕೂರಲು ಆಗದವರಿಗೆ ಕುರ್ಚಿ ಹಾಕಿ, ತೊಡೆಯ ಮೇಲೆ ಒಂದು ಮೊರ ಕೊಡಿ. ಸಿಪ್ಪೆಗೆ ಒಂದು ಬುಟ್ಟಿ, ಕಾಳಿಗೆ ಒಂದು ದೊಡ್ಡ ಪಾತ್ರೆ. ಪಾತ್ರೆ ಎಲ್ಲರ ಕೈಗೂ ಎಟುಕುವಂತಿರಲಿ. ಟಿ.ವಿ. ಆಫ್ ಮಾಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕೈ ಕೆಲಸದಲ್ಲಿದ್ದು ಕಣ್ಣು ಕಿವಿ ಬಿಡುವಾಗಿದ್ದಾಗಲೇ ಮಾತು ಹುಟ್ಟುವುದು. ಒಬ್ಬರ ಮುಖ ಒಬ್ಬರು ನೋಡುತ್ತಾ ಸುಮ್ನೆ ಕೂತರೆ ಮಾತಿಗೆ ತಡಕಾಡಬೇಕು. ಕಾಯಿ ಬಿಡಿಸುವಾಗ ಆ ಮುಜುಗರ ಇಲ್ಲ. ಮಾತು ನಿಂತರೂ ಕೈ ನಡೆಯುತ್ತಿರುತ್ತದೆ.

ಮಕ್ಕಳಿಗೆ ಒಂದು ಆಟ ಹೇಳಿಕೊಡಿ. ಯಾರ ಕಾಯಿಯಲ್ಲಿ ಐದು ಕಾಳು ಸಿಕ್ಕುತ್ತದೋ ಅವರಿಗೆ ಒಂದು ಬೆಲ್ಲದ ಚೂರು. ಅವರೆಕಾಯಿ ಅಂದರೆ ಹುಳ ಇದ್ದೇ ಇರುತ್ತದೆ. ಹಸಿರು ಹುಳ ಕಂಡರೆ ಕಿರುಚುವ ಮಗುವನ್ನು ಗದರಬೇಡಿ, ನಗಬೇಡಿ. ಒಂದು ಚಿಕ್ಕ ಡಬ್ಬಿ ಕೊಟ್ಟು "ಅದನ್ನ ಇದರಲ್ಲಿ ಹಾಕಿ ಗಿಡದ ಹತ್ರ ಬಿಟ್ಟು ಬಾ" ಅಂತ ಹೇಳಿ. ಎರಡನೇ ಹುಳಕ್ಕೆ ಭಯ ಹೋಗಿರುತ್ತದೆ. ತೂತು ಬಿದ್ದ ಕಾಳನ್ನು ಮಾತ್ರ ಬೇರೆ ತೆಗೆಯಲು ಹೇಳಿ, ಕಾಯಿ ಪೂರ್ತಿ ಎಸೆಯುವುದು ಬೇಡ. ಒಂದು ಕಾಳು ಹೋದರೂ ಉಳಿದವು ಚೆನ್ನಾಗೇ ಇರುತ್ತವೆ.

ಹಿರಿಯರನ್ನು ಮಾತಿಗೆ ಎಳೆಯಲು "ಹಳೇ ಕಾಲದ್ದು ಏನಾದ್ರೂ ಹೇಳಿ" ಅಂದರೆ ಅವರಿಗೆ ಏನೂ ನೆನಪಾಗುವುದಿಲ್ಲ. ಚಿಕ್ಕದಾಗಿ, ಗುರಿಯಿಟ್ಟು ಕೇಳಿ. "ಅಜ್ಜಿ, ನಿಮ್ಮ ಮದುವೆ ಊಟಕ್ಕೆ ಯಾವ ಪಾಯಸ ಮಾಡಿದ್ರು?" "ಮಾವ, ನಿಮ್ಮೂರಲ್ಲಿ ಅವರೆಕಾಯಿ ಹೊಲ ಕಾಯೋಕೆ ಯಾರು ಹೋಗ್ತಿದ್ರು?" ಒಂದು ಪ್ರಶ್ನೆಗೆ ಅರ್ಧ ಗಂಟೆ ಮಾತು ಬರುತ್ತದೆ. ಮಧ್ಯೆ ಬಾಯಿ ಹಾಕಿ ತಿದ್ದಬೇಡಿ. ಇಸವಿ ತಪ್ಪಿದರೆ ತಪ್ಪಲಿ ಬಿಡಿ.

ಸೊಗಡು ಕೈಗೆ ಅಂಟಿಕೊಳ್ಳುತ್ತದೆ. ಬರೀ ಸೋಪಿಗೆ ಸುಲಭವಾಗಿ ಹೋಗುವುದಿಲ್ಲ. ಒಂದು ಚಮಚ ಕೊಬ್ಬರಿ ಎಣ್ಣೆ ಕೈಗೆ ತಿಕ್ಕಿ ಆಮೇಲೆ ತೊಳೆದರೆ ಹೋಗುತ್ತದೆ. ಸಿಪ್ಪೆಯನ್ನು ಕಸಕ್ಕೆ ಹಾಕಬೇಡಿ. ಹತ್ತಿರದಲ್ಲಿ ಹಸು ಸಾಕಿದವರಿದ್ದರೆ ಕೊಡಿ, ಹಸುಗಳು ಇಷ್ಟಪಟ್ಟು ತಿನ್ನುತ್ತವೆ. ಇಲ್ಲದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ.

ಬಿಡಿಸಿದ ಕಾಳಿನಲ್ಲಿ ಸಂಜೆ ತಿಂಡಿಗೆ ಬೇಕಾದಷ್ಟನ್ನು ತೆಗೆದು ಫ್ರಿಜ್‌ನಲ್ಲಿಡಿ. ಉಳಿದದ್ದನ್ನು ತೊಳೆದು, ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಹಾಕಿ ರಾತ್ರಿ ನೆನೆಯಲು ಬಿಡಿ. ತಣ್ಣೀರೇ ಇರಲಿ. ಹೊತ್ತಿಲ್ಲ ಅಂತ ಕುದಿಯುವ ನೀರು ಹಾಕಿದರೆ ಬೇಳೆ ಅರ್ಧ ಬೆಂದು, ಹಿತಕುವಾಗ ಒಡೆಯುತ್ತದೆ.

ಭಾನುವಾರ ಬೆಳಗ್ಗೆ: ಹಿತಕುವುದು

ಬೆಳಗಿನ ತಿಂಡಿ ಹಗುರವಾಗಿರಲಿ. ಇಡ್ಲಿಯೋ ಅವಲಕ್ಕಿಯೋ ಸಾಕು, ಮಧ್ಯಾಹ್ನಕ್ಕೆ ಹಸಿವು ಬೇಕಲ್ವಾ? ಒಂಬತ್ತಕ್ಕೆ ಎಲ್ಲರೂ ಕಾಳಿನ ಮುಂದೆ ಕೂರಿ. ನೆನೆದ ನೀರು ಚೆಲ್ಲಿ, ಹೊಸ ನೀರಲ್ಲಿ ಒಮ್ಮೆ ತೊಳೆಯಿರಿ.

ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯಿರಿ. ಒಂದು ಪಕ್ಕದಲ್ಲಿ ಬಿಳೀ ಗೆರೆಯ ಮೂಗು ಕಾಣುತ್ತದೆ. ಅದರ ಎದುರು ಬದಿಯಿಂದ ಮೆಲ್ಲಗೆ ಒತ್ತಿದರೆ ಬೇಳೆ ಪುಳಕ್ಕನೆ ಜಾರಿ ಆಚೆ ಬರುತ್ತದೆ. ಕೈಯನ್ನು ಪಾತ್ರೆಯ ಬಾಯಿಗೆ ಹತ್ತಿರವೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೇಳೆ ಹಾರಿ ಸೋಫಾ ಕೆಳಗೆ ಸೇರುತ್ತದೆ. ಸಿಪ್ಪೆ ಇನ್ನೊಂದು ತಟ್ಟೆಗೆ. ಮೊದಲ ಹತ್ತು ನಿಮಿಷ ನಿಧಾನ. ಆಮೇಲೆ ಬೆರಳು ತಾನೇ ಕಲಿಯುತ್ತದೆ, ಎರಡೂ ಕೈಯಲ್ಲಿ ಒಟ್ಟಿಗೆ ಹಿತಕುವವರೂ ಇರುತ್ತಾರೆ. ಅಂಥವರ ಪಕ್ಕ ಮಕ್ಕಳನ್ನು ಕೂರಿಸಿ.

ಕೀಲುನೋವು ಇರುವ ಹಿರಿಯರು ಹಿತಕಲು ಒತ್ತಾಯ ಬೇಡ. ಸಿಪ್ಪೆಯ ನಡುವೆ ಸೇರಿದ ಬೇಳೆ ಆರಿಸುವುದು, ತೆಂಗಿನಕಾಯಿ ತುರಿ ಅಳೆಯುವುದು, ಬೆಳ್ಳುಳ್ಳಿ ಸುಲಿಯುವುದು ಅವರಿಗಿರಲಿ. ಗಂಡಸರು "ಇದೆಲ್ಲ ನಮಗೆ ಬರಲ್ಲ" ಅಂತ ಎದ್ದು ಹೋಗುವ ಹೊತ್ತೂ ಇದೇ. ಬಿಡಬೇಡಿ. ಇದಕ್ಕೆ ಬೇಕಾಗಿರುವುದು ಎರಡು ಬೆರಳು ಅಷ್ಟೇ.

ಐದಾರು ಜನ ಕೂತರೆ ಗಂಟೆ, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಡುವೆ ಒಂದು ಸುತ್ತು ಕಾಫಿ.

ಸಾರು

ಬೇಕಾಗುವುದು: ಹಿತಕಿದ ಬೇಳೆ 4 ಬಟ್ಟಲು, ಈರುಳ್ಳಿ 3, ಟೊಮೆಟೊ 3, ಬೆಳ್ಳುಳ್ಳಿ 12 ಎಸಳು, ಎರಡು ಬೆರಳು ಅಗಲದ ಶುಂಠಿ, ತೆಂಗಿನಕಾಯಿ ತುರಿ ಒಂದೂವರೆ ಬಟ್ಟಲು, ಧನಿಯಾ 3 ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ 8, ಗುಂಟೂರು ಮೆಣಸಿನಕಾಯಿ 4, ಗಸಗಸೆ 2 ಚಿಕ್ಕ ಚಮಚ, ಚಕ್ಕೆ 2 ಚೂರು, ಲವಂಗ 5, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರಿಸಿನ, ಉಪ್ಪು, ಎಣ್ಣೆ. ಒಗ್ಗರಣೆಗೆ ಸಾಸಿವೆ, ಕರಿಬೇವು.

ಮೊದಲು ಬೇಳೆ. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕುದಿಸಿ, ಅರಿಸಿನ, ಒಂದು ಚಮಚ ಎಣ್ಣೆ ಹಾಕಿ ಬೇಳೆ ಬಿಡಿ. ಕುಕ್ಕರ್ ಬೇಡವೇ ಬೇಡ. ಸಿಪ್ಪೆ ಇಲ್ಲದ ಬೇಳೆ ಒಂದು ಸೀಟಿಗೇ ಕರಗಿ ಗಂಜಿಯಾಗುತ್ತದೆ, ಬೆಳಗಿಂದ ಹಿತಕಿದ್ದೆಲ್ಲ ವ್ಯರ್ಥ. ತೆರೆದ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೆಂದರೆ ಮುಕ್ಕಾಲು ಭಾಗ ಬೆಂದಿರುತ್ತದೆ. ಬಲಿತ ಕಾಳಾದರೆ ಇನ್ನೂ ಐದು ನಿಮಿಷ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಬಿರಿಯಬೇಕು, ಹಿಟ್ಟಾಗಬಾರದು. ಬೇಳೆ ಬೆಂದ ನೀರನ್ನು ಚೆಲ್ಲಬೇಡಿ, ಸೊಗಡೆಲ್ಲ ಅದರಲ್ಲೇ ಇದೆ. ಹುಳಿ ಇದ್ದರೆ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಅದಕ್ಕೇ ಟೊಮೆಟೊ ಸೇರಿದ ಮಸಾಲೆಯನ್ನು ಆಮೇಲೆ ಕೂಡಿಸುವುದು.

ಅಷ್ಟರಲ್ಲಿ ಮಸಾಲೆ. ಬಾಣಲೆಗೆ ಒಂದು ಚಮಚ ಎಣ್ಣೆ ಹಾಕಿ ಚಕ್ಕೆ, ಲವಂಗ, ಧನಿಯಾ, ಮೆಣಸಿನಕಾಯಿ ಸಣ್ಣ ಉರಿಯಲ್ಲಿ ಹುರಿಯಿರಿ. ಘಮ ಬಂದ ಮೇಲೆ ಗಸಗಸೆ ಹಾಕಿ ಅರ್ಧ ನಿಮಿಷ. ಅದನ್ನು ತೆಗೆದಿಟ್ಟು ಅದೇ ಬಾಣಲೆಯಲ್ಲಿ ಎರಡು ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಟೊಮೆಟೊ ಹಾಕಿ ಮೆತ್ತಗಾಗುವವರೆಗೆ ಬಿಡಿ. ಕೊನೆಗೆ ಕಾಯಿತುರಿ, ಕೊತ್ತಂಬರಿ ಸೊಪ್ಪು ಹಾಕಿ ಒಂದು ಸಲ ತಿರುಗಿಸಿ ಇಳಿಸಿ. ಆರಿದ ಮೇಲೆ ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ. ಗಸಗಸೆ ತರಿತರಿಯಾಗಿ ಉಳಿಯಬಾರದು.

ದೊಡ್ಡ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಸಣ್ಣಗೆ ಹೆಚ್ಚಿದ ಉಳಿದ ಒಂದು ಈರುಳ್ಳಿ ಹಾಕಿ. ಈರುಳ್ಳಿ ಕೆಂಪಗಾದ ಮೇಲೆ ರುಬ್ಬಿದ ಮಸಾಲೆ ಹಾಕಿ, ಎಣ್ಣೆ ಬಿಡುವವರೆಗೆ ಕೈಬಿಡದೆ ಬಾಡಿಸಿ. ಆರೇಳು ನಿಮಿಷ ಹಿಡಿಯುತ್ತದೆ. ಇಲ್ಲಿ ಅವಸರ ಮಾಡಿದರೆ ಸಾರು ಹಸಿ ವಾಸನೆ ಹೊಡೆಯುತ್ತದೆ. ಆಮೇಲೆ ಬೇಳೆಯನ್ನು ಬೆಂದ ನೀರಿನ ಸಮೇತ ಸುರಿದು, ಉಪ್ಪು ಹಾಕಿ, ಬೇಕಾದಷ್ಟು ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ಕಣ್ಣಿಗೆ ಸರಿ ಅನ್ನಿಸುವುದಕ್ಕಿಂತ ಒಂದು ಹದ ತೆಳ್ಳಗೇ ಇರಲಿ. ಬೇಳೆ ನೀರು ಕುಡಿಯುತ್ತಾ ಹೋಗುತ್ತದೆ, ಮುದ್ದೆಗೆ ಹರಿಯುವ ಸಾರೇ ಬೇಕು. ಇಳಿಸಿ ಅರ್ಧ ಗಂಟೆ ಮುಚ್ಚಿಡಿ. ಬೇಳೆಗೆ ಉಪ್ಪು ಖಾರ ಹಿಡಿಯುವುದು ಆಗಲೇ.

ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಇದ್ದರೆ ಬೆಂದ ಬೇಳೆಯಲ್ಲಿ ಅವರ ಪಾಲನ್ನು ಮೊದಲೇ ಬೇರೆ ತೆಗೆಯಿರಿ. ಧನಿಯಾ, ಮೆಣಸಿನಕಾಯಿ, ಕಾಯಿತುರಿ, ಟೊಮೆಟೊ ಮಾತ್ರ ರುಬ್ಬಿ ಹಾಕಿ ಇಂಗಿನ ಒಗ್ಗರಣೆ ಕೊಟ್ಟರೆ ಅದೂ ರುಚಿಯಾಗೇ ಇರುತ್ತದೆ. ಹೊಟ್ಟೆ ಉಬ್ಬರದ ಚಿಂತೆ ಇರುವವರಿಗೆ ಶುಂಠಿ ಸ್ವಲ್ಪ ಮುಂದಾಗಿರಲಿ, ಊಟದ ಕೊನೆಗೆ ಇಂಗು ಹಾಕಿದ ಮಜ್ಜಿಗೆ ಕೊಡಿ.

ಮುದ್ದೆ

ಎಲ್ಲರೂ ಕೈತೊಳೆದು ಕೂರಲು ಹದಿನೈದು ನಿಮಿಷ ಇದೆ ಅನ್ನುವಾಗ ಎಸರಿಡಿ. ಮೊದಲೇ ಮಾಡಿ ಹಾಟ್‌ಬಾಕ್ಸ್‌ನಲ್ಲಿ ಇಟ್ಟ ಮುದ್ದೆ ಬೆವತು ಮೇಲೆಲ್ಲ ಜಿಗುಟಾಗುತ್ತದೆ.

ಎಂಟು ಮುದ್ದೆಗೆ 4 ಬಟ್ಟಲು ರಾಗಿ ಹಿಟ್ಟು, 8 ಬಟ್ಟಲು ನೀರು. ಹೊಸ ಹಿಟ್ಟಾದರೆ ನೀರು ಸ್ವಲ್ಪ ಕಡಿಮೆ ಬೇಕಾದೀತು, ಅರ್ಧ ಬಟ್ಟಲು ಬಿಸಿನೀರು ಪಕ್ಕಕ್ಕೆ ತೆಗೆದಿಟ್ಟುಕೊಂಡಿರಿ. ತಳ ದಪ್ಪ ಇರುವ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರಿಗೆ ಒಂದು ದೊಡ್ಡ ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ ಹಾಕಿ. ಮಳ್ಳುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಹಿಟ್ಟಿನ ಗುಡ್ಡೆಗೆ ಕೋಲಿನಿಂದ ನಡುವೆ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಮುಚ್ಚಿಡಿ. ನೀರು ಹಿಟ್ಟಿನ ಮೇಲೆ ಉಕ್ಕಿ ಉಕ್ಕಿ ಬರುತ್ತಿರಬೇಕು.

ಈಗ ಪಾತ್ರೆ ಇಳಿಸಿ ಕೋಲಿನಿಂದ ತೊಳಸಬೇಕು. ಇದು ತೋಳಿನ ಬಲದ ಕೆಲಸ, ಮನೆಯಲ್ಲಿ ಜಿಮ್‌ಗೆ ಹೋಗುವ ಹುಡುಗರಿದ್ದರೆ ಅವರಿಗೇ ಕೊಡಿ. ಒಬ್ಬರು ಇಕ್ಕಳದಲ್ಲಿ ಪಾತ್ರೆ ಗಟ್ಟಿಯಾಗಿ ಹಿಡಿಯಲಿ, ಇನ್ನೊಬ್ಬರು ಪಾತ್ರೆಯ ಪಕ್ಕಕ್ಕೆ ಒತ್ತಿ ಒತ್ತಿ ತಿರುಗಿಸಲಿ. ಗಂಟು ಒಂದೂ ಉಳಿಯಬಾರದು. ಗಟ್ಟಿ ಅನ್ನಿಸಿದರೆ ತೆಗೆದಿಟ್ಟ ಬಿಸಿನೀರು ಚಿಮುಕಿಸಿ. ಮತ್ತೆ ಎರಡು ನಿಮಿಷ ಒಲೆ ಮೇಲಿಟ್ಟು ಹಬೆ ಹಿಡಿಸಿ. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ ಅಂತ ಅರ್ಥ. ಒದ್ದೆ ಮಾಡಿದ ತಟ್ಟೆಯ ಮೇಲೆ ಹಾಕಿ, ಕೈ ನೆನೆಸಿಕೊಂಡು ಉರುಟಾಗಿ ಕಟ್ಟಿ.

ಮುದ್ದೆ ತಿಂದು ಅಭ್ಯಾಸ ಇಲ್ಲದ ಸೊಸೆಯೋ ಅಳಿಯನೋ ಬಂದಿದ್ದರೆ ನಿಂಬೆಹಣ್ಣಿನ ಗಾತ್ರದ್ದು ಕಟ್ಟಿ ಕೊಡಿ. ಚಿಕ್ಕ ತುತ್ತು ಮುರಿದು, ಸಾರಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು ಅಂತ ತೋರಿಸಿಕೊಡಿ. ಮೊದಲ ತುತ್ತಿಗೇ ಇಷ್ಟವಾಗಬೇಕು ಅಂತ ಹಟ ಬೇಡ, ಅನ್ನ ಇದ್ದೇ ಇದೆ.

ಬಡಿಸುವ ಕೆಲಸವನ್ನು ಸರದಿ ಮಾಡಿಕೊಳ್ಳಿ. ಆದರೆ ಎಲ್ಲರೂ ಒಂದೇ ಪಂಕ್ತಿಗೆ ಕೂರಿ. ಸಾರಿನ ಪಾತ್ರೆ, ಅನ್ನ, ಮಜ್ಜಿಗೆ ನಡುವೆ ಇಟ್ಟುಕೊಂಡರೆ ಯಾರೂ ಕೊನೆಗೆ ಒಬ್ಬರೇ ಉಣ್ಣಬೇಕಾಗಿಲ್ಲ.

ಸಂಜೆ: ಒಂದೇ ಕಡೆ ಹೋಗಿ

ಮುದ್ದೆ ಊಟದ ಮೇಲೆ ನಿದ್ದೆ ಬರುತ್ತದೆ. ಬರಲಿ, ಒಂದು ಗಂಟೆ ಎಲ್ಲರೂ ಅಡ್ಡಾಗಲಿ. ನಾಲ್ಕು ಗಂಟೆಗೆ ಕಾಫಿ ಕುಡಿದು ಹೊರಡಿ. ಎಲ್ಲಿಗೆ ಅನ್ನುವುದನ್ನು ಅತ್ಯಂತ ನಿಧಾನವಾಗಿ ನಡೆಯುವವರನ್ನು ನೋಡಿ ತೀರ್ಮಾನಿಸಿ. ಅವರಿಗೆ ಆಗುವ ಜಾಗ ಎಲ್ಲರಿಗೂ ಆಗುತ್ತದೆ.

ಬೆಂಗಳೂರಿನವರಿಗೆ ನಾನು ಹೇಳುವುದು ಲಾಲ್‌ಬಾಗ್. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ, ಪಾರ್ಕಿಂಗ್ ತಲೆನೋವಿಲ್ಲ. ಸುಮಾರು 240 ಎಕರೆ ತೋಟ, ಪೂರ್ತಿ ಸುತ್ತುವ ಆಸೆ ಬಿಡಿ. ಗಾಜಿನ ಮನೆಯಿಂದ ಬಂಡೆಯವರೆಗೆ ಹೋದರೆ ಸಾಕು.

ಮಕ್ಕಳ ಜೊತೆ ಹೋಗುವಾಗ ಎರಡು ಮೂರು ವಿಷಯ ಗೊತ್ತಿದ್ದರೆ ನಡಿಗೆಗೆ ರುಚಿ ಬರುತ್ತದೆ. ತೋಟವನ್ನು ಶುರು ಮಾಡಿಸಿದ್ದು ಹೈದರಾಲಿ, 1760ರಲ್ಲಿ. ಟಿಪ್ಪು ಅದನ್ನು ಬೆಳೆಸಿದ. ಗಾಜಿನ ಮನೆಯ ಅಡಿಗಲ್ಲು 1889ರದ್ದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಕಟ್ಟಿದ್ದು. ಮೇಲೆ ಕೆಂಪೇಗೌಡರ ಗೋಪುರ ಇರುವ ಬಂಡೆ ಅಂತೂ ಸುಮಾರು 300 ಕೋಟಿ ವರ್ಷ ಹಳೆಯದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಅಜ್ಜಿ ಕೂತಿರುವ ಕಲ್ಲಿನ ಮುಂದೆ ಅಜ್ಜಿಯ ವಯಸ್ಸು ಎಷ್ಟು ಅಂತ ಮಕ್ಕಳನ್ನು ಕೇಳಿ ನೋಡಿ, ಎಣಿಸಲು ಕೂತುಬಿಡುತ್ತಾರೆ. ಬಂಡೆಯ ಮೇಲೆ ನೆರಳಿಲ್ಲ, ಹಾಗಾಗಿ ಐದರ ಮೇಲೆ ಹತ್ತಿ. ಜನವರಿಯಲ್ಲಿ ಆರು, ಆರೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಅದನ್ನು ನೋಡಿಕೊಂಡೇ ಇಳಿಯಬಹುದು. ಒಂದು ಶಾಲು ಜೊತೆಗಿರಲಿ.

ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನವೂ ಜನವರಿಯಲ್ಲೇ ಬರುತ್ತದೆ. ಹಿರಿಯರಿದ್ದರೆ ಆ ದಿನಗಳಲ್ಲಿ ಭಾನುವಾರ ಸಂಜೆ ಹೋಗುವುದು ಬೇಡ, ಗಾಜಿನ ಮನೆಯೊಳಗೆ ನಿಲ್ಲಲೂ ಜಾಗ ಇರುವುದಿಲ್ಲ. ಪ್ರದರ್ಶನ ನೋಡಲೇಬೇಕು ಅಂದರೆ ಇಡೀ ಕ್ರಮವನ್ನು ಹಿಂದುಮುಂದು ಮಾಡಿ. ಶುಕ್ರವಾರ ರಾತ್ರಿ ಬಿಡಿಸಿ ನೆನೆಹಾಕಿ, ಶನಿವಾರ ಸಂಜೆ ಹಿತಕಿ ಫ್ರಿಜ್‌ನಲ್ಲಿಡಿ. ಭಾನುವಾರ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಹೂ ನೋಡಿ ಬಂದು, ಆಮೇಲೆ ಸಾರಿಗಿಡಿ.

ನಡೆಯುವುದೇ ಕಷ್ಟ ಅನ್ನುವವರಿದ್ದರೆ ನಾಟಕಕ್ಕೆ ಹೋಗಿ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲೋ ಜೆ.ಪಿ. ನಗರದ ರಂಗಶಂಕರದಲ್ಲೋ ಕನ್ನಡ ನಾಟಕ ಸಿಗುತ್ತದೆ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಅರ್ಧ ಗಂಟೆ ಮೊದಲೇ ತಲುಪಿ. ಮೈಸೂರಿನವರಿಗೆ ರಂಗಾಯಣ ಇದೆ. ಸಣ್ಣ ಊರಿನವರಿಗೆ ಇದ್ಯಾವುದೂ ಬೇಕಿಲ್ಲ. ಸಂಕ್ರಾಂತಿ ಆಸುಪಾಸಿನಲ್ಲಿ ಯಾವುದಾದರೂ ಜಾತ್ರೆ ಹತ್ತಿರದಲ್ಲೇ ಇರುತ್ತದೆ.

ಎರಡು ಕಡೆ ಹೋಗುವ ಯೋಚನೆ ಮಾತ್ರ ಬೇಡ. ಲಾಲ್‌ಬಾಗ್ ಮುಗಿಸಿ ಮಾಲ್, ಮಾಲ್ ಮುಗಿಸಿ ಹೋಟೆಲ್ ಅಂದರೆ ಅರ್ಧ ದಿನ ಟ್ರಾಫಿಕ್‌ನಲ್ಲೇ ಕಳೆಯುತ್ತದೆ.

ಉಳಿದದ್ದು

ವಾಪಸ್ ಬಂದು ರಾತ್ರಿಗೆ ತೆಗೆದಿಟ್ಟ ಕಾಳು ಬೇಯಿಸಿ ಉಪ್ಪಿಟ್ಟು ಮಾಡಿ. ಇಲ್ಲವೇ ಬೇಯಿಸಿದ ಕಾಳನ್ನು ಅಕ್ಕಿಹಿಟ್ಟು, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಕಾಯಿತುರಿ ಜೊತೆ ಕಲಸಿ ರೊಟ್ಟಿ ತಟ್ಟಿ. ಹಸಿ ಕಾಳನ್ನು ಹಾಗೇ ಕಲಸಬೇಡಿ, ರೊಟ್ಟಿ ಬೆಂದರೂ ಕಾಳು ಬೆಂದಿರುವುದಿಲ್ಲ.

ಹಿತಕಿದ ಬೇಳೆ ಉಳಿದಿದ್ದರೆ ನೀರು ಪೂರ್ತಿ ಬಸಿದು, ಒಂದೊಂದು ಬಟ್ಟಲಿನಷ್ಟು ಬೇರೆ ಬೇರೆ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಯುಗಾದಿವರೆಗೂ ಚೆನ್ನಾಗಿರುತ್ತದೆ. ಕರಗಿಸದೆ ನೇರವಾಗಿ ಕುದಿಯುವ ನೀರಿಗೆ ಹಾಕಬಹುದು. ಬರೀ ಫ್ರಿಜ್‌ನಲ್ಲಾದರೆ ಎರಡು ದಿನದೊಳಗೆ ಮುಗಿಸಿ.

ವಿದೇಶದಲ್ಲಿರುವ ನಮ್ಮವರು ಭಾರತೀಯ ಅಂಗಡಿಗಳ ಫ್ರೀಜರ್‌ನಲ್ಲಿ ಸೂರ್ತಿ ಪಾಪ್ಡಿ ಲಿಲ್ವಾ ಅನ್ನುವ ಪೊಟ್ಟಣ ಹುಡುಕಲಿ. ಗುಜರಾತಿಗಳ ಆ ಕಾಳು ನಮ್ಮ ಅವರೆಯ ಜಾತಿಯದ್ದೇ. ಬಿಡಿಸುವ ಸುಖ ಇಲ್ಲ, ಸೊಗಡೂ ಅಷ್ಟಿಲ್ಲ. ಆದರೆ ತಣ್ಣೀರಲ್ಲಿ ಕರಗಿಸಿದರೆ ಹಿತಕಲು ಬರುತ್ತದೆ. ಮೂರು ಮನೆಯವರು ಒಂದು ಮೇಜಿನ ಸುತ್ತ ಕೂತು ಹಿತಕುವಷ್ಟು ಕೆಲಸ ಅದರಲ್ಲೂ ಇದೆ.

ಸಾರು ಉಳಿದರೆ ಬಂದವರಿಗೆ ಡಬ್ಬಿಯಲ್ಲಿ ಕಟ್ಟಿ ಕೊಡಿ. ನಿಮ್ಮ ಮನೆಗೂ ಒಂದು ಬಟ್ಟಲು ಉಳಿಸಿಕೊಳ್ಳಿ. ಸೋಮವಾರ ಬೆಳಗ್ಗೆ ಅದಕ್ಕೆ ಸ್ವಲ್ಪ ಬಿಸಿನೀರು ಬೆರೆಸಿ ಚೆನ್ನಾಗಿ ಕುದಿಸಿ, ಮೆತ್ತನೆ ದೋಸೆ ಹುಯ್ದುಕೊಳ್ಳಿ. ಹಿಂದಿನ ದಿನದ್ದಕ್ಕಿಂತ ಅದೇ ರುಚಿ ಅನ್ನುವವರು ಬಹಳ ಮಂದಿ ಇದ್ದಾರೆ, ನಾನೂ ಅವರ ಕಡೆಗೇ.